ಮನೇಲಿ ಓಡೋ ಶೆಲ್ ಸ್ಕ್ರಿಪ್ಟ್ ಆಫೀಸ್ ವಿಂಡೋಸಲ್ಲಿ ಯಾಕೆ ಓಡಲ್ಲ? (ಗಿಟ್ ಬ್ಯಾಶ್)

ಪ್ರೂಫ್_ರೀಡರ್_ಹಾಸನ
ನಮಸ್ಕಾರ ಎಲ್ರಿಗೂ. ನಾನು ಸಾಫ್ಟ್‌ವೇರ್ ಕಡೆಯವನಲ್ಲ, ಒಂದು ಸಣ್ಣ ಪ್ರಕಾಶನದಲ್ಲಿ ಕರಡು ತಿದ್ದೋ ಕೆಲಸ, ಶೆಲ್ ಸ್ಕ್ರಿಪ್ಟು (ಕಮಾಂಡುಗಳನ್ನ ಒಂದು ಫೈಲಲ್ಲಿ ಬರೆದು ಸಾಲಾಗಿ ಓಡಿಸೋದು) ಬರೀ ಹವ್ಯಾಸ. ನಮ್ಮ ಹಳೇ ವಿಶೇಷಾಂಕಗಳ ಲೇಖನಗಳೆಲ್ಲ ಬಿಡಿಬಿಡಿ ಟೆಕ್ಸ್ಟ್ ಫೈಲುಗಳಾಗಿ ಇವೆ, ಸಾವಿರಾರು. ಪ್ರತಿ ಫೈಲಿನ ಮೊದಲ ಸಾಲು "ಶೀರ್ಷಿಕೆ:" ಅಂತ ಶುರು, ಆಮೇಲೆ ಲೇಖಕರು, ವರ್ಷ. ಇದನ್ನೆಲ್ಲ ಹೆಕ್ಕಿ ಅಕಾರಾದಿಯಲ್ಲಿ ಒಂದು ಲೇಖನಸೂಚಿ ಮಾಡ್ಬೇಕು. ಮನೇಲಿ ಉಬುಂಟು ಲಿನಕ್ಸ್ ಇದೆ, ಅಲ್ಲಿ ಫೈಂಡ್ (ಫೈಲ್ ಹುಡುಕೋದು), ಗ್ರೆಪ್ (ಫೈಲೊಳಗೆ ಪದ ಹುಡುಕೋದು), ಸೆಡ್ (ಪದ ಬದಲಾಯಿಸೋದು), ಸಾರ್ಟ್ (ಕ್ರಮವಾಗಿ ಜೋಡಿಸೋದು) ಹಾಕಿ ಒಂದು ಸ್ಕ್ರಿಪ್ಟ್ ಬರೆದೆ, ಸ್ಯಾಂಪಲ್ ಫೈಲುಗಳ ಮೇಲೆ ಚೆನ್ನಾಗಿ ಓಡ್ತು. ಆದ್ರೆ ಪೂರ್ತಿ ಫೈಲುಗಳು ಆಫೀಸಿನ ವಿಂಡೋಸ್ 10 ಮಷೀನಲ್ಲೇ ಇರೋದು, ಹೊರಗೆ ಒಯ್ಯೋ ಹಾಗಿಲ್ಲ.

ಸರಿ ಅಂತ ಅಲ್ಲಿ ಗಿಟ್ ಬ್ಯಾಶ್ (ಲಿನಕ್ಸ್, ಯೂನಿಕ್ಸ್ ಕಮಾಂಡುಗಳನ್ನ ವಿಂಡೋಸಲ್ಲಿ ಓಡಿಸೋ ಪ್ರೋಗ್ರಾಂ) ಹಾಕ್ಕೊಂಡು, ಸ್ಕ್ರಿಪ್ಟನ್ನ ಇಮೇಲಿಂದ ಕಾಪಿ ಮಾಡಿ ನೋಟ್‌ಪ್ಯಾಡಲ್ಲಿ ಸೇವ್ ಮಾಡಿ ಓಡಿಸಿದ್ರೆ, ಸಾಲು ಸಾಲಿಗೂ "ಬ್ಯಾಕ್‌ಸ್ಲ್ಯಾಶ್ ಆರ್: ಕಮಾಂಡ್ ನಾಟ್ ಫೌಂಡ್" ಅನ್ನತ್ತೆ. ಆರ್ ಅಂತ ಕಮಾಂಡ್ ನಾನು ಎಲ್ಲೂ ಬರೆದೇ ಇಲ್ಲ! ಪಕ್ಕದ ಟೇಬಲ್ಲಿನವರು ಒಂದು ಬ್ಯಾಚ್ ಫೈಲ್ ಮಾಡ್ಕೊಟ್ರು, ಡಬಲ್ ಕ್ಲಿಕ್ ಮಾಡಿದ್ರೆ ಸಾಕು ಅಂತ, ಅದು ಬೇರೆಯೇ ರಾಗ ತೆಗೀತು: "ಫೈಂಡ್: ಪ್ಯಾರಾಮೀಟರ್ ಫಾರ್ಮ್ಯಾಟ್ ನಾಟ್ ಕರೆಕ್ಟ್". ಅಡ್ಮಿನ್ ಪಾಸ್‌ವರ್ಡ್ ನನ್ ಹತ್ರ ಇಲ್ಲ, ಕೇಳಿದ್ರೂ ಕೊಡಲ್ಲ. ಏನ್ ಮಾಡ್ಲಿ?

ಟಕ್ಸ್_ಅಭಿಮಾನಿ
ವಿಂಡೋಸ್ ತೆಗೆದು ಲಿನಕ್ಸ್ ಹಾಕಿ. ಮುಗೀತು.

ಧಾರವಾಡಿ
@ಟಕ್ಸ್_ಅಭಿಮಾನಿ ಏನ್ರೀ ನೀವು, ಅಡ್ಮಿನ್ ಪಾಸ್‌ವರ್ಡ್ ಇಲ್ಲ ಅಂತ ಅವ್ರು ಬರದಾರ, ಓದಿ ಹೇಳ್ರಿ. ಆಫೀಸ್ ಮಷಿನ್ ಫಾರ್ಮ್ಯಾಟ್ ಮಾಡಿದ್ರ ನೌಕರಿನೂ ಫಾರ್ಮ್ಯಾಟ್ ಆಕ್ಕೈತಿ.

ಹಾಸನದವರ, ನಿಮ್ಮವು ಎರಡು ಬ್ಯಾರೆ ಬ್ಯಾರೆ ತ್ರಾಸು ಅದಾವ. ಮದಲನೇದು ಸಾಲಿನ ಕೊನೀದು. ನೋಟ್‌ಪ್ಯಾಡ್ ಪ್ರತಿ ಸಾಲಿನ ತುದಿಗೆ ಎರಡು ಅಕ್ಷರ ಇಡತೈತಿ, ಕ್ಯಾರೇಜ್ ರಿಟರ್ನ್ ಒಂದು, ಲೈನ್ ಫೀಡ್ ಒಂದು. ಯೂನಿಕ್ಸ್‌ನ್ಯಾಗ ಲೈನ್ ಫೀಡ್ ಒಂದ. ಆ ಹೆಚ್ಚಿಂದು ಕಣ್ಣಿಗೆ ಕಾಣಂಗಿಲ್ಲ, ಆದ್ರ ಬ್ಯಾಶ್ ಅದನ್ನ ಕಮಾಂಡಿನ ಭಾಗ ಅಂತ ತಿಳಕೊಂಡು ಒದ್ದಾಡತೈತಿ. ಕ್ಯಾಟ್ ಮುಂದ ಹೈಫನ್ ದೊಡ್ಡ ಎ ಹಾಕಿ ಸ್ಕ್ರಿಪ್ಟ್ ನೋಡ್ರಿ, ಸಾಲಿನ ತುದಿಗೆ ಟೋಪಿ ಚಿಹ್ನೆ ಮತ್ತ ಎಮ್ ಕಂಡ್ರ ಅದ. ಗಿಟ್ ಬ್ಯಾಶ್ ಜೋಡಿನ ಡಾಸ್‌ಟುಯೂನಿಕ್ಸ್ ಅಂತ ಒಂದು ಟೂಲ್ ಬಂದಿರತೈತಿ, ಅದರ ಮುಂದ ಫೈಲ್ ಹೆಸರು ಕೊಡ್ರಿ, ಮುಗೀತು.

ಎರಡನೇದಕ್ಕ ಯಾರರ ಹೇಳ್ರಿ, ನಾ ಈಗ ಊಟಕ್ಕ ಹೊಂಟೆ.

ಹಳೇ_ಸಿಸ್ಟಂ_ಅಡ್ಮಿನ್
ಎರಡನೇದು ನಾನು ಹೇಳ್ತೀನಿ. ವಿಂಡೋಸ್‌ಗೂ ಫೈಂಡ್ ಅಂತ ಒಂದು ಪ್ರೋಗ್ರಾಂ ಇದೆ, ಸಿಸ್ಟಂ32 ಫೋಲ್ಡರಲ್ಲಿ, ಡಾಸ್ ಕಾಲದ್ದು. ಅದರ ಕೆಲಸವೇ ಬೇರೆ, ಫೈಲಿನ ಒಳಗೆ ಪದ ಹುಡುಕೋದು, ಅಂದ್ರೆ ಹೆಚ್ಚುಕಮ್ಮಿ ಗ್ರೆಪ್ ಮಾಡೋ ಕೆಲಸ. ಸಾರ್ಟ್ ಕೂಡ ಹಾಗೇ, ವಿಂಡೋಸ್‌ದು ಒಂದಿದೆ, ಯೂನಿಕ್ಸ್‌ದು ಇನ್ನೊಂದು. ನೀವು ಗಿಟ್ ಬ್ಯಾಶ್ ಕಿಟಕಿ ತೆರೆದು ಓಡಿಸಿದ್ರೆ ಯೂನಿಕ್ಸ್ ಟೂಲುಗಳ ಫೋಲ್ಡರ್ ಪಾತ್‌ನಲ್ಲಿ (ಪ್ರೋಗ್ರಾಂ ಹುಡುಕೋ ಫೋಲ್ಡರುಗಳ ಪಟ್ಟಿ) ಮುಂದಿರತ್ತೆ, ಸರಿಯಾದ ಫೈಂಡ್ ಸಿಗತ್ತೆ. ಬ್ಯಾಚ್ ಫೈಲಿಂದ ಯುಎಸ್ಆರ್-ಬಿನ್ ಒಳಗಿನ ಬ್ಯಾಶನ್ನ ನೇರವಾಗಿ ಕರೆದ್ರೆ ಆ ಸಿದ್ಧತೆ ಯಾವುದೂ ಆಗಿರಲ್ಲ, ವಿಂಡೋಸ್‌ನ ಪಾತ್ ಹೇಗಿದ್ಯೋ ಹಾಗೇ ಬರತ್ತೆ, ಸಿಸ್ಟಂ32 ಮೊದಲು ಸಿಗತ್ತೆ. ಸ್ಕ್ರಿಪ್ಟ್ ಒಳಗೆ ಮೇಲ್ಗಡೆ "ಟೈಪ್ ಹೈಫನ್ ಎ ಫೈಂಡ್" ಅಂತ ಒಂದು ಸಾಲು ಹಾಕಿ ನೋಡಿ, ಎಷ್ಟು ಫೈಂಡ್ ಇವೆ, ಯಾವುದು ಮೊದಲು ಅಂತ ತೋರ್ಸತ್ತೆ.

ಪರಿಹಾರ: ಬ್ಯಾಚ್ ಫೈಲಲ್ಲಿ ಬ್ಯಾಶ್‌ಗೆ ಹೈಫನ್ ಹೈಫನ್ ಲಾಗಿನ್ ಅನ್ನೋ ಆಯ್ಕೆ ಕೊಡಿ. ಮತ್ತೆ ಬರೀ "ಬ್ಯಾಶ್" ಅಂತ ಬರೀಬೇಡಿ, ಪೂರ್ತಿ ವಿಳಾಸ ಬರೀರಿ. ಯಾಕಂದ್ರೆ ಸಿಸ್ಟಂ32 ಒಳಗೆ ಡಬ್ಲ್ಯೂಎಸ್ಎಲ್‌ನ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸೋ ವ್ಯವಸ್ಥೆ) ಬ್ಯಾಶ್ ಒಂದು ಕೂತಿರಬಹುದು, ಅದು ಎದ್ದು ಬಂದು "ಯಾವ ಡಿಸ್ಟ್ರಿಬ್ಯೂಷನ್ನೂ ಇನ್‌ಸ್ಟಾಲ್ ಆಗಿಲ್ಲ" ಅಂತ ಜಗಳಕ್ಕೆ ನಿಲ್ಲತ್ತೆ. ವಿಂಡೋಸಲ್ಲಿ ಯೂನಿಕ್ಸ್ ಟೂಲಿನ ಅರ್ಧಕ್ಕರ್ಧ ಸಮಸ್ಯೆ ಹೀಗೇ, ನಾವು ಕರೆದಿದ್ದು ಒಬ್ಬರನ್ನ, ಓಗೊಟ್ಟು ಬಂದಿದ್ದು ಅದೇ ಹೆಸರಿನ ಇನ್ನೊಬ್ಬರು.

ಪವರ್‌ಶೆಲ್_ಪ್ರಿಯೆ
ಇಷ್ಟೆಲ್ಲ ಸರ್ಕಸ್ ಯಾಕೆ ಅಂತ ನಂಗೆ ಅರ್ಥ ಆಗ್ತಿಲ್ಲ. ವಿಂಡೋಸಲ್ಲಿ ಅದರದೇ ಶೆಲ್, ಪವರ್‌ಶೆಲ್ ಇದ್ದೇ ಇದೆ, ಏನೂ ಇನ್‌ಸ್ಟಾಲ್ ಮಾಡೋದೇ ಬೇಡ, ಫೈಲ್ ಪಟ್ಟಿ ತಗೊಂಡು ಸೆಲೆಕ್ಟ್-ಸ್ಟ್ರಿಂಗ್, ಸಾರ್ಟ್-ಆಬ್ಜೆಕ್ಟ್ ಹಾಕಿದ್ರೆ ಹತ್ತು ಸಾಲಲ್ಲಿ ಮುಗಿಯತ್ತೆ. ಯಾವ ಫೈಂಡ್ ಅಂತ ಪತ್ತೇದಾರಿ ಮಾಡೋ ಅಗತ್ಯನೂ ಇಲ್ಲ.

ಟಕ್ಸ್_ಅಭಿಮಾನಿ
@ಪವರ್‌ಶೆಲ್_ಪ್ರಿಯೆ ಹೌದಾ? ವಿಂಡೋಸ್ ಜೊತೆ ಬರೋ ಪವರ್‌ಶೆಲ್ 5.1ರಲ್ಲಿ ಕರ್ಲ್ (ನೆಟ್ಟಿಂದ ಫೈಲ್ ತರೋ ಟೂಲ್) ಅಂತ ಹೊಡೀರಿ, ಏನ್ ಬರತ್ತೆ ನೋಡಿ. ನಿಜವಾದ ಕರ್ಲ್ ಅಲ್ಲ, ಇನ್ವೋಕ್-ವೆಬ್‌ರಿಕ್ವೆಸ್ಟ್‌ಗೆ ಕರ್ಲ್ ಅಂತ ಅಡ್ಡಹೆಸರು. ಮೋಸದ ಹೆಸರು ಅಲ್ಲೂ ಇದೆ.

ಪವರ್‌ಶೆಲ್_ಪ್ರಿಯೆ
ಹೊಸ ಪವರ್‌ಶೆಲ್‌ನಲ್ಲಿ ಅದನ್ನ ತೆಗೆದಿದಾರೆ, ಮತ್ತೆ ನಿಜವಾದ ಕರ್ಲ್ ವಿಂಡೋಸ್ 10ರ 1803 ಆವೃತ್ತಿಯಿಂದ ಜೊತೆಗೇ ಬರತ್ತೆ, ಟಾರ್ ಕೂಡ. ಹಳೇ ಜೋಕು ಬಿಟ್ಟು ಹೊಸದು ಹೇಳಿ.

ಕುಡ್ಲದ_ಕೋಡರ್
ಮಾರಾಯ್ರೇ ಜಗಳ ಆಮೇಲೆ ಮಾಡಿ. ಮಧ್ಯದಲ್ಲಿ ನನ್ನದೊಂದು ಪ್ರಶ್ನೆ ಉಂಟು. ನನ್ನ ರೆಪೊದಲ್ಲಿ (ಗಿಟ್ ನೋಡಿಕೊಳ್ಳುವ ಫೋಲ್ಡರ್) ಕನ್ನಡ ಹೆಸರಿನ ಫೈಲ್ ಇಟ್ಟಿದ್ದೇನೆ, ಗಿಟ್ ಸ್ಟೇಟಸ್ ಹೊಡೆದ್ರೆ ಬ್ಯಾಕ್‌ಸ್ಲ್ಯಾಶ್ 340, ಬ್ಯಾಕ್‌ಸ್ಲ್ಯಾಶ್ 262, ಬ್ಯಾಕ್‌ಸ್ಲ್ಯಾಶ್ 225 ಅಂತ ಎಂತೆಂತದೋ ಬರ್ತದೆ. ಫೈಲ್ ಹಾಳಾಗಿದ್ಯಾ?

ಮತ್ತೆ ಇನ್ನೊಂದು, ಗಿಟ್ ಬ್ಯಾಶಿನಿಂದ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಟೂಲ್) ಓಡಿಸುವಾಗ ಕಂಟೇನರ್ ಒಳಗಿನ ಪಾತ್, ಅಂದ್ರೆ ಫೈಲಿನ ವಿಳಾಸ, ಕೊಟ್ರೆ ಅದರ ಮುಂದೆ ತಾನಾಗಿಯೇ ಸಿ ಡ್ರೈವ್ ಪ್ರೋಗ್ರಾಂ ಫೈಲ್ಸ್ ಗಿಟ್ ಅಂತ ಅಂಟಿಕೊಳ್ತದೆ. ಅದು ಯಾಕೆ?

ಹಳೇ_ಸಿಸ್ಟಂ_ಅಡ್ಮಿನ್
@ಕುಡ್ಲದ_ಕೋಡರ್ ಫೈಲ್ ಹಾಳಾಗಿಲ್ಲ. ಆ ಮೂರು ಸಂಖ್ಯೆ ಸೇರಿದ್ರೆ "ಕ". ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಗಿಟ್ ಅದನ್ನ ಅಷ್ಟಮಾನ ಸಂಖ್ಯೆಲಿ ತೋರಿಸ್ತಿದೆ ಅಷ್ಟೇ. ಗಿಟ್ ಕಾನ್ಫಿಗ್‌ನಲ್ಲಿ ಕೋರ್ ಡಾಟ್ ಕೋಟ್‌ಪಾತ್ ಅನ್ನೋದನ್ನ ಫಾಲ್ಸ್ ಮಾಡಿ, ಕನ್ನಡ ಕಾಣತ್ತೆ. ಇದು ವಿಂಡೋಸ್ ತೊಂದರೆ ಅಲ್ಲವೇ ಅಲ್ಲ, ಲಿನಕ್ಸಲ್ಲೂ ಹೀಗೇ.

ಪ್ರೂಫ್_ರೀಡರ್_ಹಾಸನ
ಧಾರವಾಡದವ್ರಿಗೆ, ಹಳೇ ಅಡ್ಮಿನ್ ಅವ್ರಿಗೆ ತುಂಬಾ ಥ್ಯಾಂಕ್ಸ್! ಎರಡೂ ಎರರ್ ಹೋಯ್ತು. ಬ್ಯಾಚ್ ಫೈಲಲ್ಲಿ ನಿಜವಾಗ್ಲೂ ಸಿಸ್ಟಂ32 ಫೈಂಡೇ ಮೊದಲು ಬರ್ತಿತ್ತು.

ಈಗ ಹೊಸ ಕತೆ. ಸ್ಕ್ರಿಪ್ಟ್ ಎರರ್ ಇಲ್ಲದೆ ಮುಗಿಯತ್ತೆ ಆದ್ರೆ ಸೂಚಿಯಲ್ಲಿ ಎಷ್ಟೋ ಲೇಖನ ಇಲ್ವೇ ಇಲ್ಲ. ಫೈಲ್ ತೆರೆದು ನೋಡಿದ್ರೆ ಮೊದಲ ಸಾಲಲ್ಲಿ "ಶೀರ್ಷಿಕೆ:" ಕಣ್ಣೆದುರಿಗೇ ಇದೆ, ಗ್ರೆಪ್‌ಗೆ ಮಾತ್ರ ಕಾಣಲ್ಲ. ಜೊತೆಗೆ ವಿಪರೀತ ನಿಧಾನ, ಮನೇಲಿ ಎಂಟರ್ ಒತ್ತಿ ಕೈ ತೆಗೆಯೋದ್ರಲ್ಲಿ ಮುಗೀತಿದ್ದ ಸ್ಯಾಂಪಲ್ಲೇ ಇಲ್ಲಿ ಕಾಫಿ ಕುಡ್ಕೊಂಡು ಬಂದ್ರೂ ಓಡ್ತಾನೇ ಇರತ್ತೆ.

ನುಡಿ_ಬರಹ_ನೆನಪು
ಕಾಣದೇ ಇರೋ ಫೈಲುಗಳು ನುಡಿಯಲ್ಲೋ ಬರಹದಲ್ಲೋ ಟೈಪ್ ಆಗಿದ್ದಿರಬಹುದು ಸಾರ್. ಹಳೇ ಫಾಂಟುಗಳಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು, ಫಾಂಟ್ ಹಾಕಿದಾಗ ಮಾತ್ರ ಕನ್ನಡ ಕಾಣೋದು. ಗ್ರೆಪ್ ಏನ್ ಮಾಡತ್ತೆ ಪಾಪ. ಮೊದಲು ಯೂನಿಕೋಡ್‌ಗೆ ಪರಿವರ್ತನೆ ಮಾಡ್ಬೇಕು, ಮಾಡಿದ್ರೂ ಅರ್ಕಾವತ್ತು ಸರಿ ಬಂದಿದ್ಯಾ ಅಂತ ಕಣ್ಣಾರೆ ನೋಡ್ಬೇಕು.

ಪ್ರೂಫ್_ರೀಡರ್_ಹಾಸನ
ಅಲ್ಲ ಸಾರ್, ಅವು ಬರೀ ನೋಟ್‌ಪ್ಯಾಡಲ್ಲೇ ಕನ್ನಡ ಕಾಣ್ತವೆ, ಫಾಂಟ್ ಏನೂ ಬದಲಾಯಿಸ್ತಿಲ್ಲ. ಯೂನಿಕೋಡೇ.

ಧಾರವಾಡಿ
ಊಟ ಆತು. ಯೂನಿಕೋಡ್ ಅಂದ್ರ ಯಾವ ಯೂನಿಕೋಡ್ ಅನ್ನೋದು ಪ್ರಶ್ನೆ. "ಫೈಲ್" ಅಂತ ಒಂದು ಕಮಾಂಡ್ ಐತಿ, ಅದಕ್ಕ ಆ ಕಾಣದ ಫೈಲಿನ ಹೆಸರು ಕೊಡ್ರಿ, ಏನಂತೈತಿ ಇಲ್ಲಿ ಹಾಕ್ರಿ.

ಪ್ರೂಫ್_ರೀಡರ್_ಹಾಸನ
ಎರಡು ಥರ ಬರ್ತಿದೆ. ಕೆಲವಕ್ಕೆ "ಯುಟಿಎಫ್-16, ಲಿಟಲ್ ಎಂಡಿಯನ್" ಅನ್ನತ್ತೆ. ಇನ್ನು ಕೆಲವಕ್ಕೆ "ಯುಟಿಎಫ್-8, ವಿತ್ ಬಿಒಎಂ" ಅಂತ. ಸರಿಯಾಗಿ ಸಿಗೋ ಫೈಲುಗಳಿಗೆ ಬರೀ ಯುಟಿಎಫ್-8.

ಧಾರವಾಡಿ
ಸಿಕ್ತು ನೋಡ್ರಿ. ಹಳೇ ನೋಟ್‌ಪ್ಯಾಡ್‌ನ್ಯಾಗ ಸೇವ್ ಮಾಡೂ ಮುಂದ "ಯೂನಿಕೋಡ್" ಅಂತ ಒಂದು ಆಯ್ಕೆ ಇರತಿತ್ತು, ಅದು ಯುಟಿಎಫ್-16. ಕನ್ನಡ ಉಳೀಬೇಕಂದ್ರ ಯೂನಿಕೋಡ್ ಒತ್ತಬೇಕು ಅಂತ ಮಂದಿ ಅದನ್ನ ಒತ್ತಿರತಾರ, ತಪ್ಪೇನಿಲ್ಲ. ಅದರಾಗ "ಶೀ" ಅನ್ನೋದರ ಬೈಟುಗಳ ಬ್ಯಾರೆ, ನಿಮ್ಮ ಸ್ಕ್ರಿಪ್ಟಿನ "ಶೀ"ದು ಬ್ಯಾರೆ. ಗ್ರೆಪ್ ಬೈಟ್ ನೋಡತೈತಿ, ಅಕ್ಷರದ ಚಂದ ನೋಡಂಗಿಲ್ಲ. ಐಕಾನ್ವ್ ಅಂತ ಟೂಲ್ ಐತಿ, ಫ್ರಮ್ ಯುಟಿಎಫ್-16 ಟು ಯುಟಿಎಫ್-8 ಅಂತ ಕೊಟ್ಟು ಹೊಸ ಫೈಲಿಗೆ ಬರಸ್ರಿ. ಮೂಲ ಫೈಲ್ ಮ್ಯಾಲೆ ಬರಸಬ್ಯಾಡ್ರಿ ಮತ್ತ, ಖಾಲಿ ಆಗಿ ಕುಂದರತೈತಿ.

ಇನ್ನ ಬಿಒಎಂದು. ಅದು ಫೈಲಿನ ಮದಲಿಗೆ ಕಾಣದ ಮೂರು ಬೈಟು. ನೀವು ಗ್ರೆಪ್‌ನ್ಯಾಗ "ಸಾಲಿನ ಶುರುವಿಗೆ ಶೀರ್ಷಿಕೆ" ಅಂತ ಟೋಪಿ ಚಿಹ್ನೆ ಹಾಕಿ ಹುಡುಕಿರಬೇಕು, ಹೌದಲ್ಲ? ಸಾಲಿನ ಶುರುವಿಗೆ ಈಗ ಶೀರ್ಷಿಕೆ ಇಲ್ಲ, ಬಿಒಎಂ ಐತಿ. ಡಾಸ್‌ಟುಯೂನಿಕ್ಸ್ ಓಡಿಸ್ರಿ, ಅದು ಬಿಒಎಂನೂ ತಗದು ಒಗೀತೈತಿ.

ಪವರ್‌ಶೆಲ್_ಪ್ರಿಯೆ
ಇದನ್ನೇ ಅಲ್ವಾ ನಾನು ಹೇಳಿದ್ದು, ಪವರ್‌ಶೆಲ್‌ನ ಗೆಟ್-ಕಂಟೆಂಟ್ ಬಿಒಎಂ ನೋಡಿ ಯುಟಿಎಫ್-16, 8 ಎರಡನ್ನೂ ತಾನೇ ಗುರುತು ಹಿಡಿಯತ್ತೆ.

ಹಳೇ_ಸಿಸ್ಟಂ_ಅಡ್ಮಿನ್
ಗುರುತು ಹಿಡಿಯತ್ತೆ ನಿಜ, ಆದ್ರೆ ಬಿಒಎಂ ಇಲ್ಲದ ಯುಟಿಎಫ್-8 ಫೈಲ್ ಬಂದ್ರೆ 5.1 ಅದನ್ನ ವಿಂಡೋಸಿನ ಹಳೇ ಕೋಡ್‌ಪೇಜ್ ಅಂದ್ಕೊಂಡು ಓದಿ ಕನ್ನಡವನ್ನೆಲ್ಲ ಕಲಸಿಬಿಡತ್ತೆ, ಎನ್‌ಕೋಡಿಂಗ್ ಅಂತ ಬಾಯ್ಬಿಟ್ಟು ಹೇಳ್ಬೇಕು. ಅವರ ಫೈಲುಗಳಲ್ಲಿ ಬಹುಪಾಲು ಅಂಥವೇ. ಇನ್ನು ಔಟ್‌ಪುಟನ್ನ ಗ್ರೇಟರ್-ದ್ಯಾನ್ ಚಿಹ್ನೆ ಹಾಕಿ ಫೈಲಿಗೆ ಕಳಿಸಿದ್ರೆ 5.1 ಬರೆಯೋದು ಯುಟಿಎಫ್-16. ಈ ಯುಟಿಎಫ್-16 ಫೈಲುಗಳಲ್ಲಿ ಕೆಲವು ಹಾಗೇ ಹುಟ್ಟಿದ್ದಿರಬಹುದು :) ಏಳನೇ ಆವೃತ್ತಿಯಲ್ಲಿ ಇದೆಲ್ಲ ಸರಿಹೋಗಿದೆ, ಅದನ್ನ ಒಪ್ತೀನಿ, ಆದ್ರೆ ಅದು ವಿಂಡೋಸ್ ಜೊತೆ ಬರಲ್ಲ, ಬೇರೆ ಹಾಕ್ಬೇಕು. ಆಗ ಏನೂ ಇನ್‌ಸ್ಟಾಲ್ ಬೇಡ ಅನ್ನೋ ನಿಮ್ಮ ವಾದ ಎಲ್ಲಿ ಉಳೀತು?

ಪವರ್‌ಶೆಲ್_ಪ್ರಿಯೆ
ಗಿಟ್ ಬ್ಯಾಶೂ ವಿಂಡೋಸ್ ಜೊತೆ ಬರಲ್ವಲ್ಲ ಸ್ವಾಮಿ!

ಸುಮ್ನೆ_ನೋಡ್ತಿರೋನು
1-1. ಮುಂದುವರೀಲಿ.

ಮೈಸೂರು_ಮೇಕ್‌ಫೈಲ್
ನಿಧಾನದ ಬಗ್ಗೆ ಯಾರೂ ಮಾತಾಡ್ಲಿಲ್ಲ. ಹಾಸನದವರೇ, ನಿಮ್ಮ ಸ್ಕ್ರಿಪ್ಟಲ್ಲಿ ಲೂಪ್ ಇದೆಯಾ, ಪ್ರತಿ ಫೈಲಿಗೂ ಬೇಸ್‌ನೇಮ್, ಹೆಡ್, ಸೆಡ್, ಕಟ್ ಅಂತ ಬೇರೆ ಬೇರೆ ಕರೀತೀರಾ?

ಪ್ರೂಫ್_ರೀಡರ್_ಹಾಸನ
ಹೌದು! ಹೇಗೆ ಗೊತ್ತಾಯ್ತು? ಹೆಡ್, ಗ್ರೆಪ್, ಸೆಡ್, ಕಟ್, ಬೇಸ್‌ನೇಮ್ ಎಲ್ಲಾ ಒಂದು ಫಾರ್ ಲೂಪ್ ಒಳಗೆ.

ಮೈಸೂರು_ಮೇಕ್‌ಫೈಲ್
ಎಲ್ರೂ ಹಾಗೇ ಬರೆಯೋದು, ಲಿನಕ್ಸಲ್ಲಿ ನಡೆಯತ್ತೆ ಕೂಡ. ಯೂನಿಕ್ಸಲ್ಲಿ ಹೊಸ ಪ್ರೋಸೆಸ್ (ಓಡ್ತಿರೋ ಪ್ರೋಗ್ರಾಂ) ಹುಟ್ಟೋದು ಫೋರ್ಕ್ ಅನ್ನೋ ಕರೆಯಿಂದ, ಇರೋ ಪ್ರೋಸೆಸ್ಸೇ ತನ್ನದೊಂದು ಪ್ರತಿ ಮಾಡ್ಕೊಳತ್ತೆ, ಲಿನಕ್ಸ್ ಕರ್ನಲ್ ಆ ಮೆಮೊರಿನ ನಿಜವಾಗಿ ಕಾಪಿ ಮಾಡೋದು ಯಾರಾದ್ರೂ ಅದರ ಮೇಲೆ ಬರೆದಾಗ ಮಾತ್ರ, ಹಾಗಾಗಿ ಅಗ್ಗ. ವಿಂಡೋಸ್‌ನ ಮಾಮೂಲಿ ಎಪಿಐನಲ್ಲಿ ಫೋರ್ಕ್ ಇಲ್ಲ. ಗಿಟ್ ಬ್ಯಾಶ್ ನಿಂತಿರೋದು ಎಂಎಸ್‌ವೈಎಸ್2 ಮೇಲೆ, ಎಂಎಸ್‌ವೈಎಸ್2 ಹುಟ್ಟಿದ್ದು ಸಿಗ್‌ವಿನ್‌ನಿಂದ, ಸಿಗ್‌ವಿನ್ 1995ರಲ್ಲಿ ಸಿಗ್ನಸ್ ಅನ್ನೋ ಕಂಪನೀಲಿ ಶುರುವಾಗಿದ್ದು. ಅವರು ಫೋರ್ಕನ್ನ ಅನುಕರಣೆ ಮಾಡ್ತಾರೆ, ಹೊಸ ಪ್ರೋಸೆಸ್ ಶುರು ಮಾಡಿ, ಅದನ್ನ ಕಾಯೋಕೆ ಹೇಳಿ, ಮೊದಲಿನದರ ಮೆಮೊರಿ ಅದಕ್ಕೆ ಸುರಿದು, ಡಿಎಲ್‌ಎಲ್‌ಗಳೆಲ್ಲ (ಪ್ರೋಗ್ರಾಂಗಳು ಹಂಚ್ಕೊಳೋ ಕೋಡ್ ಫೈಲುಗಳು) ಅದೇ ವಿಳಾಸದಲ್ಲೇ ಕೂತಿವೆಯಾ ನೋಡಿ, ಆಮೇಲೆ ಬಿಡೋದು. ಕೂತಿಲ್ಲ ಅಂದ್ರೆ "ಫೋರ್ಕ್ ಫೇಲ್ಡ್" ಅಂತ ಬೀಳತ್ತೆ, ಸಿಗ್‌ವಿನ್ ಬಳಸಿದವರಿಗೆ ರೀಬೇಸ್‌ಆಲ್ ಅಂತ ಒಂದು ಮಂತ್ರ ನೆನಪಿರಬಹುದು, ಅದು ಇದಕ್ಕೇ. ಇದರ ಮೇಲೆ ಆಂಟಿವೈರಸ್, ಹೊಸ ಪ್ರೋಸೆಸ್ ಎದ್ದಾಗೆಲ್ಲ ಬಾಗಿಲಲ್ಲಿ ಜೇಬು ತಡವತ್ತೆ. ಸಿಗ್‌ವಿನ್‌ನವರು ಹೀಗೆ ಅಡ್ಡ ಬರೋ ಸಾಫ್ಟ್‌ವೇರುಗಳದ್ದೇ ಒಂದು ಪಟ್ಟಿ ಇಟ್ಟಿದಾರೆ, ಅದರಲ್ಲಿ ಆಂಟಿವೈರಸ್ಸುಗಳು ದಂಡಿಯಾಗಿವೆ.

ಅಂದ್ರೆ ನಿಮ್ಮ ಲೂಪು ಫೈಲಿಗೆ ಐದಾರು ಪ್ರೋಸೆಸ್, ಸಾವಿರಾರು ಫೈಲು, ಲೆಕ್ಕ ಹಾಕ್ಕೊಳಿ. ಲೂಪ್ ತೆಗೆದುಹಾಕಿ. ಫೈಂಡ್‌ನ ಎಕ್ಸೆಕ್ ಕೊನೇಲಿ ಸೆಮಿಕೋಲನ್ ಬದಲು ಪ್ಲಸ್ ಹಾಕಿ ಆಕ್‌ಗೆ (ಸಾಲು ಸಾಲಾಗಿ ಓದಿ ಬೇಕಾದ್ದು ಹೆಕ್ಕೋ ಟೂಲ್) ಫೈಲುಗಳನ್ನ ರಾಶಿಯಾಗಿ ಕೊಡಿ, ಆಕ್ ಒಳಗೆ ಎಫ್‌ಎನ್‌ಆರ್ (ಆ ಫೈಲಿನ ಎಷ್ಟನೇ ಸಾಲು ಅನ್ನೋದು) ನೋಡಿ ಮೊದಲ ಮೂರು ಸಾಲು ಹೆಕ್ಕಿ, ನೆಕ್ಸ್ಟ್‌ಫೈಲ್ ಅಂದ್ಬಿಡಿ. ಬಿಒಎಂ, ಕ್ಯಾರೇಜ್ ರಿಟರ್ನ್ ಕೂಡ ಅಲ್ಲೇ ಒಂದು ಸಬ್ ಹಾಕಿ ತೆಗೀಬಹುದು. ಬೇಸ್‌ನೇಮ್ ಬೇಕಿದ್ರೆ ಅದೂ ಆಕ್ ಒಳಗೇ. ಕೊನೇಲಿ ಒಂದೇ ಸಾರ್ಟ್, ಅದಕ್ಕೆ ಎಲ್‌ಸಿ ಆಲ್ ಈಕ್ವಲ್ಸ್ ಸಿ ಅಂತ ಮುಂದೆ ಹಾಕಿದ್ರೆ ಇನ್ನೂ ವೇಗ.

ಟಕ್ಸ್_ಅಭಿಮಾನಿ
ಡಬ್ಲ್ಯೂಎಸ್‌ಎಲ್2 ಹಾಕಿದ್ರೆ ನಿಜವಾದ ಲಿನಕ್ಸ್ ಕರ್ನಲ್, ನಿಜವಾದ ಫೋರ್ಕ್. ಅದನ್ನಾದ್ರೂ ಕೇಳಿ ಹಾಕಿಸ್ಕೊಳಿ.

ಮೈಸೂರು_ಮೇಕ್‌ಫೈಲ್
ಕೇಳಿ ಹಾಕಿಸ್ಕೊಂಡ್ರೂ ಫೈಲುಗಳು ಸಿ ಡ್ರೈವಲ್ಲೇ ಇದ್ರೆ ಪ್ರಯೋಜನ ಕಮ್ಮಿ. ಡಬ್ಲ್ಯೂಎಸ್‌ಎಲ್2 ಅಂದ್ರೆ ಒಂದು ವರ್ಚುವಲ್ ಮಷೀನು, ಅಲ್ಲಿಂದ ವಿಂಡೋಸ್ ಡ್ರೈವ್ ಮುಟ್ಟೋದು 9ಪಿ ಅನ್ನೋ ಪ್ರೋಟೋಕಾಲ್ ಮೂಲಕ, ಸಣ್ಣ ಸಣ್ಣ ಫೈಲು ಸಾವಿರಾರು ಇದ್ರೆ ತೆವಳತ್ತೆ. ಫೈಲುಗಳನ್ನ ಅದರ ಒಳಗಿನ ಹೋಮ್‌ಗೆ ಕಾಪಿ ಮಾಡ್ಕೊಂಡ್ರೆ ಮಾತ್ರ ಮಜಾ. ಇದೊಂದ್ರಲ್ಲಿ ಹಳೇ ಡಬ್ಲ್ಯೂಎಸ್‌ಎಲ್1ಏ ವಾಸಿ.

ಹಳೇ_ಸಿಸ್ಟಂ_ಅಡ್ಮಿನ್
ಈ ಹುಡುಗರಿಗೆಲ್ಲ ಡಬ್ಲ್ಯೂಎಸ್‌ಎಲ್ ಅಂದ್ರೆ 2016ರಲ್ಲಿ ಆಕಾಶದಿಂದ ಉದುರಿದ್ದು ಅನ್ನೋ ಭಾವನೆ. ಮೈಕ್ರೋಸಾಫ್ಟ್ 80ರ ದಶಕದಲ್ಲಿ ತಾನೇ ಯೂನಿಕ್ಸ್ ಮಾರ್ತಿತ್ತು ಕಣ್ರಪ್ಪಾ, ಝೆನಿಕ್ಸ್ ಅಂತ. 1993ರಲ್ಲಿ ವಿಂಡೋಸ್ ಎನ್‌ಟಿ ಬಂದಾಗಲೇ ಅದರೊಳಗೆ ಪೋಸಿಕ್ಸ್ (ಯೂನಿಕ್ಸ್ ಥರದ ವ್ಯವಸ್ಥೆಗಳ ಮಾನಕ) ಉಪವ್ಯವಸ್ಥೆ ಇತ್ತು, ಅಮೆರಿಕದ ಸರ್ಕಾರಿ ಖರೀದಿ ನಿಯಮದಲ್ಲಿ ಪೋಸಿಕ್ಸ್ ಬೇಕು ಅಂತಿತ್ತಲ್ಲ, ಅದಕ್ಕೆ. ಅದರಲ್ಲಿ ಒಂದು ಶೆಲ್ ಕೂಡ ಕೊಟ್ಟಿರಲಿಲ್ಲ ಪುಣ್ಯಾತ್ಮರು. ಆಮೇಲೆ ಇಂಟರಿಕ್ಸ್, ಸರ್ವಿಸಸ್ ಫಾರ್ ಯೂನಿಕ್ಸ್, ಅದು ನಿಜಕ್ಕೂ ಚೆನ್ನಾಗಿತ್ತು, ಅದರಲ್ಲಿ ಫೋರ್ಕ್ ಕೂಡ ಇತ್ತು, ಮೆಲ್ಲಗೆ ಕೈಬಿಟ್ರು. ಈಗ ವಿಂಡೋಸ್ 11ರಲ್ಲಿ ಸುಡೋ ಅಂತ ಯೂನಿಕ್ಸ್ ಹೆಸರಿನ ಕಮಾಂಡೇ ಬಂದಿದೆ.

ಧಾರವಾಡಿ
ಅಜ್ಜಾವ್ರ ಇತಿಹಾಸ ಶುರು ಆತು. ಚಾ ತರಿಸ್ರಿ ಯಾರರ.

ಪ್ರೂಫ್_ರೀಡರ್_ಹಾಸನ
ಆಕ್ ಹಾಕಿದೆ. ನಂಬೋಕಾಗ್ತಿಲ್ಲ, ಪೂರ್ತಿ ಸಂಗ್ರಹ ಕೂತಲ್ಲೇ ಮುಗೀತು. ಬಿಟ್ಟುಹೋದ ಲೇಖನಗಳೂ ಬಂದ್ವು. ಸ್ಕ್ರೀನಲ್ಲಿ ಕನ್ನಡ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಕಾಣತ್ತೆ ಆದ್ರೆ ನೋಟ್‌ಪ್ಯಾಡಲ್ಲಿ ಸರಿ ಇದೆ, ಅದು ಟರ್ಮಿನಲ್ ಸಮಸ್ಯೆ ಅಲ್ವಾ?

ಆದ್ರೆ ಅಕಾರಾದಿ ತಪ್ಪಿದೆ! "ಹಳ್ಳಿ" ಅಂತ ಶುರುವಾಗೋ ಶೀರ್ಷಿಕೆಗಳು "ಹವ್ಯಾಸ"ಕ್ಕಿಂತ ಮುಂಚೆ ಬರ್ತಿವೆ. ಮನೇಲಿ ಸರಿಯಾಗಿತ್ತು. ನಾನು ಕರಡು ತಿದ್ದೋನು, ಇದು ಕಣ್ಣಿಗೆ ಹೊಡೆಯತ್ತೆ.

ನುಡಿ_ಬರಹ_ನೆನಪು
ಟರ್ಮಿನಲ್ ವಿಷಯ ಹೌದು, ಒಂದೊಂದು ಅಕ್ಷರಕ್ಕೂ ಸಮಾನ ಅಗಲದ ಚೌಕ ಕೊಡೋ ಜಾಗದಲ್ಲಿ ನಮ್ಮ ಒತ್ತು ಕೂರಲ್ಲ. ಸ್ಕ್ರೀನ್ ನಂಬಬೇಡಿ, ಫೈಲ್ ನಂಬಿ.

ಅಕಾರಾದಿ ಕೆಟ್ಟಿದ್ದು ಆ ಎಲ್‌ಸಿ ಆಲ್ ಸಿ ಇಂದ. ಅದು ಬೈಟ್ ಕ್ರಮದಲ್ಲಿ ಜೋಡಿಸತ್ತೆ, ಯೂನಿಕೋಡ್ ಪಟ್ಟಿಯಲ್ಲಿ ಳ ಕೂತಿರೋದು ಲ ಪಕ್ಕದಲ್ಲಿ, ವ ಗಿಂತ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ್ಮೇಲೆ ಕೊನೇದು. ವೇಗಕ್ಕೆ ಅಂತ ಕನ್ನಡ ಪಟ್ಟಿಗೆ ಇದನ್ನ ಯಾರು ಹೇಳ್ತಾರ್ರೀ?

ಮೈಸೂರು_ಮೇಕ್‌ಫೈಲ್
ಅವರು ಕೇಳಿದ್ದು ವೇಗ, ವೇಗ ಸಿಕ್ಕಿದೆ. ಕ್ರಮನೂ ಬೇಕಂದ್ರೆ ಕೊಡೋಣ. ಲೊಕೇಲ್ (ಮಷೀನಿನ ಭಾಷಾ ಸೆಟ್ಟಿಂಗ್) ನಂಬಿದ್ರೆ ಒಂದೊಂದು ಮಷೀನಲ್ಲಿ ಒಂದೊಂದು ಥರ ಬರೋ ಅಪಾಯ ಇದೆ, ಸಿ ಇಟ್ಕೊಂಡೇ ದಾರಿ ಮಾಡಬಹುದು. ಯೂನಿಕೋಡ್‌ನ ಕನ್ನಡ ಪಟ್ಟಿಯಲ್ಲಿ ಹ ಆದ್ಮೇಲೆ ಎರಡು ಮನೆ ಖಾಲಿ ಇವೆ, ಯಾವ ಅಕ್ಷರವೂ ಇಲ್ಲ. ಸಾರ್ಟ್‌ಗೆ ಮುಂಚೆ ಸೆಡ್ ಹಾಕಿ ಎಲ್ಲ ಳ ಗಳನ್ನ ಆ ಮೊದಲ ಖಾಲಿ ಸಂಕೇತಕ್ಕೆ ಬದಲಾಯಿಸಿ, ಸಾರ್ಟ್ ಮಾಡಿ, ಆಮೇಲೆ ಇನ್ನೊಂದು ಸೆಡ್ ಹಾಕಿ ವಾಪಸ್ ಳ ಮಾಡಿ. ಸ್ವರಚಿಹ್ನೆಗಳು, ವಿರಾಮ (ಹಲಂತ ಚಿಹ್ನೆ) ಎಲ್ಲ ಅದಕ್ಕಿಂತ ಮುಂದಿನ ಸಂಖ್ಯೆಗಳಲ್ಲೇ ಇರೋದ್ರಿಂದ ಕಾಗುಣಿತದ ಕ್ರಮ ಕೆಡಲ್ಲ.

ನುಡಿ_ಬರಹ_ನೆನಪು
ಉಪಾಯ ಚೆನ್ನಾಗಿದೆ. ಅನುಸ್ವಾರ? ಅದು ಪಟ್ಟಿಯಲ್ಲಿ ಸ್ವರ, ವ್ಯಂಜನ ಎಲ್ಲಕ್ಕಿಂತ ಮೊದಲಿದೆ, ಹಾಗಾಗಿ "ಕಂಬ" ಅನ್ನೋದು "ಕಡಲು"ಗಿಂತ ಮುಂಚೆ ಬರತ್ತೆ.

ಪ್ರೂಫ್_ರೀಡರ್_ಹಾಸನ
ನಮ್ಮ ಸೂಚಿಗಳಲ್ಲಿ ಅನುಸ್ವಾರ ಮೊದಲೇ ಇಡೋದು ಸಾರ್, ಅದು ನಡೆಯತ್ತೆ. ಳ ಉಪಾಯ ಕೆಲಸ ಮಾಡ್ತು, ಹವ್ಯಾಸ ಮುಂದೆ ಬಂತು, ಹಳ್ಳಿ ಹಿಂದೆ ಹೋಯ್ತು. ಸಂಜೆಗೆ ಪ್ರಿಂಟ್ ತೆಗೀತೀನಿ.

ಪವರ್‌ಶೆಲ್_ಪ್ರಿಯೆ
ಒಂದು ಳ ಗೆ ಎರಡು ಸೆಡ್ಡು. ಪವರ್‌ಶೆಲ್‌ನಲ್ಲಿ ಸಾರ್ಟ್-ಆಬ್ಜೆಕ್ಟ್‌ಗೆ ಕಲ್ಚರ್ ಅಂತ ಒಂದು ಪ್ಯಾರಾಮೀಟರ್ ಇದೆ ಅಂತಷ್ಟೇ ಹೇಳಿ ಹೊರಡ್ತೀನಿ.

ಕುಡ್ಲದ_ಕೋಡರ್
ಕೋಟ್‌ಪಾತ್ ಸರಿ ಆಯ್ತು, ಉಪಕಾರ. ಆದ್ರೆ ನನ್ನ ಡಾಕರ್ ಪ್ರಶ್ನೆ ಯಾರೂ ಮುಟ್ಲೇ ಇಲ್ಲ ಮಾರಾಯ್ರೇ.

ಹಳೇ_ಸಿಸ್ಟಂ_ಅಡ್ಮಿನ್
ಹೌದಲ್ವಾ. ವಿಂಡೋಸ್ ಪ್ರೋಗ್ರಾಂಗೆ ಸ್ಲ್ಯಾಶಿಂದ ಶುರುವಾಗೋ ಏನಾದ್ರೂ ಕೊಟ್ರೆ, ಅದು ಯೂನಿಕ್ಸ್ ಪಾತ್ ಇರ್ಬೇಕು ಅಂತ ಎಂಎಸ್‌ವೈಎಸ್2 ತಾನೇ ವಿಂಡೋಸ್ ಪಾತ್ ಮಾಡಿ ಕೊಡತ್ತೆ, ಸ್ಲ್ಯಾಶ್ ಅಂದ್ರೆ ಅದರ ಲೆಕ್ಕದಲ್ಲಿ ಗಿಟ್ ಇನ್‌ಸ್ಟಾಲ್ ಆಗಿರೋ ಫೋಲ್ಡರು. ಡಾಕರ್‌ಗೆ ಕೊಡುವಾಗ ಪಾತ್ ಮುಂದೆ ಎರಡು ಸ್ಲ್ಯಾಶ್ ಹಾಕಿ. ಇಲ್ಲಾಂದ್ರೆ ಆ ಕಮಾಂಡಿನ ಮುಂದೆ ಎಂಎಸ್‌ವೈಎಸ್ ಅಂಡರ್‌ಸ್ಕೋರ್ ನೋ ಅಂಡರ್‌ಸ್ಕೋರ್ ಪಾತ್‌ಕಾನ್ವ್ ಈಕ್ವಲ್ಸ್ 1 ಅಂತ ದೊಡ್ಡ ಅಕ್ಷರದಲ್ಲಿ ಬರೀರಿ, ಆ ಒಂದು ಸಲಕ್ಕೆ ಪರಿವರ್ತನೆ ನಿಲ್ಲತ್ತೆ. ಇಡೀ ಸೆಷನ್‌ಗೆ ಎಕ್ಸ್‌ಪೋರ್ಟ್ ಮಾಡಿಡಬೇಡಿ, ಬೇರೆ ಟೂಲುಗಳಿಗೆ ಆ ಪರಿವರ್ತನೆ ಬೇಕಾಗಿರತ್ತೆ.

ಕುಡ್ಲದ_ಕೋಡರ್
ಎರಡು ಸ್ಲ್ಯಾಶ್ ಹಾಕಿದೆ, ಓಡ್ತಾ ಉಂಟು.